ಎರಡನೇ ಸಲದ ರಕ್ತ

ದಬ್ಬಣ ಮೂರನೆಯ ತೂತಿನಲ್ಲಿ ಅರ್ಧ ಹೊಕ್ಕು ನಿಂತಿತ್ತು. ಹನ್ನೊಂದು ಗಂಟೆಗೆ ಕೋರ್ಟಿಗೆ ಹೋಗಬೇಕಾದ ಸರಗಳ್ಳತನದ ಕಡತ, ಎಂಬತ್ತು ಹಾಳೆ ದಪ್ಪ. ಹೆಡ್ ಕಾನ್‌ಸ್ಟೆಬಲ್ ಸುಬ್ಬಲಕ್ಷ್ಮಿ ಅದನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ದಬ್ಬಣದ ತಲೆಗೆ ಒಂದು ಹಳೆಯ ಬೀಗದಿಂದ ಮೆಲ್ಲಗೆ ಬಡಿಯುತ್ತಿದ್ದಳು. ಠಾಣೆಯಲ್ಲಿ ಕಡತ ಹೊಲಿಯುವುದು ಯಾರಿಗೂ ಬೇಡದ ಕೆಲಸ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವಳಿಗೆ ಮಾತ್ರ ಅದರ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತ್ತು. ಹೊಲಿಯುತ್ತ ಕೂತವಳನ್ನು ಯಾರೂ ಸುಮ್ಮನೆ ಮಾತಾಡಿಸುವುದಿಲ್ಲ.

ಸರ್ಕಲ್ ಇನ್ಸ್‌ಪೆಕ್ಟರ್ ವಿನ್ಸೆಂಟ್ ತಮ್ಮ ಕೋಣೆಯ ಅರ್ಧಬಾಗಿಲು ತಳ್ಳಿ ತಲೆ ಹೊರಗೆ ಹಾಕಿದರು.

"ಚೇಚಿ, ಅದನ್ನು ಕೆಳಗಿಟ್ಟು ಬನ್ನಿ. ನಿಮ್ಮ ನೆಂಟರು ಬಂದಿದ್ದಾರೆ."

ಚೇಚಿಯೆಂದರೆ ಮಲಯಾಳದಲ್ಲಿ ಅಕ್ಕ, ನೆಂಟರೆಂದರೆ ಕನ್ನಡದವರು. ಸುಬ್ಬಲಕ್ಷ್ಮಿಯ ಊರು ಕಾಸರಗೋಡಿನ ಕುಂಬಳೆ. ಕೊಚ್ಚಿಗೆ ವರ್ಗವಾಗಿ ಬಂದ ಏಳು ವರ್ಷಗಳಲ್ಲಿ ಕಲೂರಿನ ಈ ಠಾಣೆಗೆ ಯಾವ ಊರಿನ ಕನ್ನಡಿಗರು ಬಂದರೂ ಅವರನ್ನು ಅವಳ ನೆಂಟರ ಲೆಕ್ಕಕ್ಕೆ ಸೇರಿಸುತ್ತಿದ್ದರು. ಅಂದು 2008ರ ಫೆಬ್ರವರಿ 12, ಮಂಗಳವಾರ. ಗೋಡೆಯ ಗಡಿಯಾರದಲ್ಲಿ 9.40.

ಬಂದವರು ಗಂಡ ಹೆಂಡತಿ. ಇಬ್ಬರೂ ಕಾಕ್ಕನಾಡಿನ ಐ.ಟಿ. ಪಾರ್ಕಿನಲ್ಲಿ ಕೆಲಸಕ್ಕಿದ್ದರು. ಗಂಡ ಗುರುಕಿರಣ್ ಎರಡು ಪುಟಗಳ ದೂರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ತಂದಿದ್ದ. ಹೆಂಡತಿ ಅಪೂರ್ವಾಗೆ ಮೂವತ್ತೊಂದು ವರ್ಷ, ಧಾರವಾಡದವಳು. ಅವಳು ಮೇಜಿನ ಮೇಲಿನ ಪೇಪರ್‌ವೇಟನ್ನೇ ನೋಡುತ್ತ ಕುಳಿತಿದ್ದಳು.

ದೂರಿನ ಸಾರಾಂಶ ಹೀಗಿತ್ತು. ಎರಡು ವರ್ಷದ ಹಿಂದೆ ಅಪೂರ್ವಾಗೆ ಮೂರನೆಯ ತಿಂಗಳಲ್ಲಿ ಗರ್ಭ ಇಳಿದುಹೋಗಿತ್ತು. ಆಮೇಲೆ ಗರ್ಭಕೋಶ ತೊಳೆಯುವಾಗ ಯಾರೋ ಹೆಚ್ಚು ಕೆರೆದುಬಿಟ್ಟಿದ್ದರು. ಒಳಗಿನ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಮುಟ್ಟೇ ನಿಂತುಹೋಯಿತು. ಕಲೂರಿನ ಡಾಕ್ಟರ್ ಜಾಯ್ಸ್ ಎಂಬವರ ಕ್ಲಿನಿಕ್ಕಿನಲ್ಲಿ ಕಳೆದ ಅಕ್ಟೋಬರ್ 4ರಂದು ಆ ಅಂಟನ್ನು ಬಿಡಿಸಿದರು. ಗೋಡೆಗಳು ಮತ್ತೆ ಕೂಡಿಕೊಳ್ಳದಂತೆ ನಡುವೆ ಒಂದು ಜೆಲ್ ತುಂಬಿದರು. ಅದು ಬೇರೆ ತಾಯಂದಿರ ಹೆರಿಗೆಯಲ್ಲಿ ಮಾಸಿನ ಜೊತೆ ಹೊರಬರುವ, ಮಗುವನ್ನು ಸುತ್ತಿಕೊಂಡಿರುವ ತೆಳು ಪೊರೆಯಿಂದ ಮಾಡಿದ ಜೆಲ್. ಡಿಸೆಂಬರಿನಲ್ಲಿ ಅಪೂರ್ವಾ ಗರ್ಭಿಣಿಯಾದಳು. ಹೋದ ವಾರ ಬಸಿರಿನ ಮಾಮೂಲು ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂತು. ಆಪರೇಷನ್ನಿಗೆ ಮುಂಚಿನ ಪರೀಕ್ಷೆಯಲ್ಲಿ ಅದು ಇರಲಿಲ್ಲ. ಗಂಡನಿಗೆ ಇಲ್ಲ. ನಡುವೆ ಬೇರಾವ ಸೂಜಿಯನ್ನೂ ಅವಳಿಗೆ ಚುಚ್ಚಿರಲಿಲ್ಲ.

ಗುರುಕಿರಣ್ ಕ್ಲಿನಿಕ್ಕಿಗೆ ಬೀಗ ಹಾಕಿಸಬೇಕೆಂದು ಇನ್ಸ್‌ಪೆಕ್ಟರರಿಗೆ ಹೇಳುತ್ತಿದ್ದ. ಸುಬ್ಬಲಕ್ಷ್ಮಿ ಅಪೂರ್ವಾಳನ್ನು ಹೊರಗಿನ ಬೆಂಚಿಗೆ ಕರೆತಂದು ಕೂರಿಸಿದಳು.

"ನಿಮಗೆ ಎಂತ ಹೇಳಲಿಕ್ಕುಂಟು, ಅದನ್ನು ಹೇಳಿ. ಬರೆದದ್ದು ಓದಿದೆ."

"ಅವರಿಗೆ ಸಿಟ್ಟು ಬಂದದ, ಬರ್ಲಿ," ಎಂದಳು ಅಪೂರ್ವಾ. "ನನಗ ಸಿಟ್ಟು ಮಾಡಾಕೂ ಆಗವಲ್ದು. ಈ ಕೂಸು ಆ ಜೆಲ್ಲಿಂದನ ಆಗೇದ, ಈ ರೋಗಾನೂ ಅದರಿಂದನ ಬಂದದ. ಯಾರ ಮ್ಯಾಲೆ ಸಿಟ್ಟು ಮಾಡ್ಲಿ ಹೇಳ್ರಿ."

ಸುಬ್ಬಲಕ್ಷ್ಮಿ ಬೆಂಚಿನಲ್ಲಿ ಅವಳ ಪಕ್ಕ ಕೂತಳು.

"ಕೂಸಿಗೇನೂ ಆಗೂದಿಲ್ಲಂತ. ಹುಟ್ಟಿದ ಹನ್ನೆರಡು ತಾಸಿನ್ಯಾಗ ಎರಡು ಇಂಜೆಕ್ಷನ್ ಕೊಟ್ರ ಸಾಕಂತ. ಆದ್ರ ತಾಯಿಗೆ ಅದ ಅಂತ ಮೊದಲ ಗೊತ್ತಿರಬೇಕಲ್ರಿ? ಅವತ್ತ ನನ್ನ ಜೋಡಿ ಇನ್ನೂ ಇಬ್ಬರಿಗೆ ಅದ ಜೆಲ್ ಹಾಕಿದ್ರು. ಒಬ್ಬಾಕಿ ಪೂರಾ ಹೊತ್ತು ಫೋನಿನ್ಯಾಗ ಮನೀಗೆ ಸುಳ್ಳು ಹೇಳ್ಕೋತ ಇದ್ಲು, ಆಫೀಸ್ ಟ್ರೇನಿಂಗ್ ಅದ ಅಂತ. ಆಕೀ ಹೆಸರೂ ನನಗ ಗೊತ್ತಿಲ್ಲ. ಅವರನ್ನ ಹುಡುಕ್ರಿ ಮೊದಲ. ಉಳಿದದ್ದೆಲ್ಲಾ ಆಮೇಲ."

11.15ಕ್ಕೆ ಎಫ್.ಐ.ಆರ್. ದಾಖಲಾಯಿತು. ಅಪರಾಧ ಸಂಖ್ಯೆ 87/2008. ಸೋಂಕು ಹರಡುವ ನಿರ್ಲಕ್ಷ್ಯಕ್ಕೆ ಕಲಮು 269, ತೀವ್ರ ಗಾಯಕ್ಕೆ 338. ಸರಗಳ್ಳನ ಕಡತ ಅಂದು ಎರಡೇ ಹೊಲಿಗೆಯಲ್ಲಿ ಕೋರ್ಟಿಗೆ ಹೋಯಿತು.

*

ಡಾಕ್ಟರ್ ಜಾಯ್ಸ್ ಅರವತ್ತು ದಾಟಿದವರು, ಬಿಳಿಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದರು. ಪೊಲೀಸರಿಗೆ ಕುರ್ಚಿ ತೋರಿಸಿ ತಾವು ನಿಂತೇ ಇದ್ದರು. ಜೆಲ್ ತಮ್ಮದಲ್ಲ, ತಿರುವನಂತಪುರದ ಒಂದು ಟ್ರಸ್ಟಿನ ಟಿಶ್ಯೂ ಬ್ಯಾಂಕಿನಿಂದ ಬೆಳಗಿನ ರೈಲಿನಲ್ಲಿ ಮಂಜುಗಡ್ಡೆಯ ಡಬ್ಬಿಯೊಳಗೆ ಬರುತ್ತದೆ, ಎಂದರು. ಸರಕಾರದ ಅನುಮತಿ ಇದೆಯೇ ಎಂದು ವಿನ್ಸೆಂಟ್ ಕೇಳಿದ್ದಕ್ಕೆ, ಇದು ಅಧ್ಯಯನದ ಹಂತದಲ್ಲಿದೆ, ಪ್ರತಿಯೊಬ್ಬಳ ಸಹಿ ಪಡೆದೇ ಹಾಕಿದ್ದೇವೆ ಎಂದರು. ಅನುಮತಿ ಇಲ್ಲವೆಂದು ಅದರಿಂದಲೇ ತಿಳಿಯಿತು.

ಒಂದು ಒಳ್ಳೆಯ ಅಭ್ಯಾಸ ಆ ಕ್ಲಿನಿಕ್ಕಿನಲ್ಲಿತ್ತು. ಜೆಲ್ಲಿನ ಕುಪ್ಪಿ ಒಡೆದ ಕೂಡಲೇ ನರ್ಸು ಅದರ ಮೇಲಿನ ಚೀಟಿ ಕಿತ್ತು ರೋಗಿಯ ಕೇಸ್ ಶೀಟಿಗೆ ಅಂಟಿಸುತ್ತಿದ್ದಳು. ಅಪೂರ್ವಾಳ ಶೀಟಿನಲ್ಲಿದ್ದ ಚೀಟಿ: ದಾನಿ ಸಂಖ್ಯೆ 31. ಅದೇ ದಿನದ ಇನ್ನೆರಡು ಶೀಟುಗಳಲ್ಲೂ 31. ಆವರೆಗೆ ಒಟ್ಟು ಹದಿನೇಳು ಹೆಂಗಸರಿಗೆ ಜೆಲ್ ಹಾಕಲಾಗಿತ್ತು. ಪಂಚನಾಮೆ ಬರೆದು ಹದಿನೇಳೂ ಶೀಟುಗಳನ್ನು ವಶಕ್ಕೆ ತೆಗೆದುಕೊಂಡರು.

ಹೊರಡುವಾಗ ಡಾಕ್ಟರ್ ಸುಬ್ಬಲಕ್ಷ್ಮಿಯನ್ನು ಮಾತ್ರ ತಡೆದು ನಿಲ್ಲಿಸಿದರು.

"ಇವರಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ಹೇಳದೆ ಬಂದವರು. ಯಾರೋ ಗ್ಯಾಸ್ಟ್ರಿಕ್ ಅಂದಿದ್ದಾಳೆ, ಯಾರೋ ಪರೀಕ್ಷೆ ಅಂದಿದ್ದಾಳೆ. ನಿಮ್ಮವರು ಜೀಪು ತಗೊಂಡು ಮನೆ ಬಾಗಿಲಿಗೆ ಹೋಗಬಾರದು. ಹೆಂಗಸಾಗಿ ನಿಮಗೆ ಹೇಳುತ್ತಿದ್ದೇನೆ."

ಸುಬ್ಬಲಕ್ಷ್ಮಿ ನೋಡೋಣ ಎಂದಳು. ಪೊಲೀಸರು ಏನೂ ಮಾಡಲಾಗದಾಗ ಹೇಳುವ ಮಾತು ಅದು ಎಂದು ಅವಳಿಗೇ ಗೊತ್ತಿತ್ತು. ಮರುದಿನವೇ ಡಾಕ್ಟರರ ವಕೀಲ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿದ. ಕೇಸು ಮುಗಿಯುವ ತನಕ ಯಾವ ರೋಗಿಯನ್ನೂ ಸಂಪರ್ಕಿಸಬೇಡಿ, ಸಾಕ್ಷಿಗಳನ್ನು ತಿರುಚಿದ ಆಪಾದನೆ ಬರುತ್ತದೆ ಎಂದು ಡಾಕ್ಟರಿಗೆ ತಾಕೀತು ಮಾಡಿದ. ಹಾಗಾಗಿ ಆ ಹದಿನೇಳು ಹೆಸರುಗಳು ಠಾಣೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಕೆಲಸಕ್ಕೆ ಬರುವಂತೆ ಉಳಿಯಲಿಲ್ಲ.

*

ಫೆಬ್ರವರಿ 14, ಗುರುವಾರ, ಬೆಳಿಗ್ಗೆ 11.30. ತಿರುವನಂತಪುರದ ಟಿಶ್ಯೂ ಬ್ಯಾಂಕು ಒಂದು ಹಳೆಯ ಎರಡಂತಸ್ತಿನ ಮನೆಯಲ್ಲಿತ್ತು. ಅಲ್ಲಿ ಹೆಚ್ಚಾಗಿ ಸುಟ್ಟಗಾಯಕ್ಕೆ ಹಾಕುವ ಒಣಪೊರೆ ತಯಾರಾಗುತ್ತಿತ್ತು. ಜೆಲ್ಲಿನ ಕೆಲಸ ಮಾತ್ರ ಹಿಂದಿನ ಸಣ್ಣ ಕೋಣೆಯಲ್ಲಿ, ಒಬ್ಬಳೇ ಹಿರಿಯ ಟೆಕ್ನಿಷಿಯನ್ ನೋಡಿಕೊಳ್ಳುತ್ತಿದ್ದಳು. ಹೆಸರು ಸುಮಿತ್ರ. ನಲವತ್ತೆರಡು ವರ್ಷ, ಮೈಸೂರಿನವಳು. ಗಂಡನಿಗೆ ಕೇಂದ್ರ ಸರಕಾರದ ಆಫೀಸಿನಲ್ಲಿ ಕೆಲಸ. ಅವನ ವರ್ಗದ ಜೊತೆ ಹದಿನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದಳು.

ಚಪ್ಪಲಿ ಎಲ್ಲಿ ಬಿಡುವುದೆಂದು ಸುಬ್ಬಲಕ್ಷ್ಮಿ ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದ್ದನ್ನು ಅವಳು ಕೇಳಿಸಿಕೊಂಡಳು.

"ಅಯ್ಯೋ, ಕನ್ನಡದೋರಾ ನೀವು? ಖಾಕಿ ನೋಡಿ ಗೊತ್ತಾಗ್ಲೇ ಇಲ್ಲ."

"ಖಾಕಿಯಲ್ಲಿ ಭಾಷೆ ಎಂತ ಕಾಣ್ತದೆ. ಕುಂಬಳೆ ನನ್ನದು."

"ಅದಕ್ಕೇ 'ಎಂತ.' ಇರಿ, ಕಾಫಿ ತರ್ತೀನಿ. ಇಲ್ಲಿಯೋರ ಚಾಯ ಕುಡಿದು ಕುಡಿದು ನಾಲಿಗೆ ಸತ್ತಿರತ್ತೆ ನಿಮಗೆ."

ಫ್ಲಾಸ್ಕಿನಲ್ಲಿ ಮನೆಯಿಂದ ತಂದ ಕಾಫಿ. ವಿನ್ಸೆಂಟರಿಗೂ ಡ್ರೈವರ್ ಕಾನ್‌ಸ್ಟೆಬಲ್ ಅಶ್ರಫನಿಗೂ ಕೊಟ್ಟಳು. ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸಿದಳು. ಸಿಸೇರಿಯನ್ ಹೆರಿಗೆಯಲ್ಲಿ ತಾಯಿಯ ಒಪ್ಪಿಗೆ ಪಡೆದು ಪೊರೆ ತರುತ್ತಾರೆ. ಅಂದೇ ತಾಯಿಯ ರಕ್ತ ಪರೀಕ್ಷಿಸುತ್ತಾರೆ. ರೋಗ ಹೊಸದಾಗಿ ತಗುಲಿದ್ದರೆ ಆ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಅದಕ್ಕಾಗಿ ಪೊರೆಗೆ ಕೆಂಪು ಚೀಟಿ ಕಟ್ಟಿ ಫ್ರೀಜರಿನಲ್ಲಿಡುತ್ತಾರೆ. ಆರು ತಿಂಗಳ ನಂತರ ಅದೇ ತಾಯಿಯ ರಕ್ತ ಎರಡನೇ ಸಲ ತೆಗೆದು, ಶುದ್ಧ ಎಂದು ಬಂದರೆ ಹಸಿರು ಚೀಟಿ. ಒಣಪೊರೆಗಾದರೆ ಕಿರಣ ಹಾಯಿಸಿ ಕ್ರಿಮಿ ಕೊಲ್ಲಬಹುದು. ಜೆಲ್ಲಿಗೆ ಕಿರಣ ಹಾಯಿಸಿದರೆ ಅದು ನೀರಾಗಿ ಹರಿದುಹೋಗುತ್ತದೆ. ಆದ್ದರಿಂದ ಜೆಲ್ಲಿಗೆ ಆ ಎರಡನೇ ಸಲದ ರಕ್ತವೊಂದೇ ಕಾವಲು.

ಅಶ್ರಫ್ ಫ್ರೀಜರಿನೊಳಗೆ ಇಣುಕಿ, ಇಂಥದ್ದೊಂದು ಮನೆಯಲ್ಲಿದ್ದರೆ ಮಳೆಗಾಲದ ಮತ್ತಿ ಮೀನು ಓಣಂ ತನಕ ಇಡಬಹುದಿತ್ತು ಎಂದ. ವಿನ್ಸೆಂಟ್ ಅವನನ್ನು ಜೀಪಿಗೆ ಕಳಿಸಿದರು.

31ನೆಯ ದಾನಿ: ಸುಮಯ್ಯಾ, ಇಪ್ಪತ್ಮೂರು ವರ್ಷ, ವಿಳಿಂಜಂ. ಹೆರಿಗೆ 2007ರ ಮಾರ್ಚ್ 19. ಎರಡನೇ ರಕ್ತ ಸೆಪ್ಟೆಂಬರ್ 20. ಎರಡೂ ಸಲ ಶುದ್ಧ. ರಕ್ತ ತೆಗೆದವರ ಸಹಿ ಸುಮಿತ್ರಳದು. ರಿಜಿಸ್ಟರಿನ ನಕಲು ಮಾಡಿಸಿಕೊಂಡು, ಫ್ರೀಜರಿಗೆ ಮೊಹರು ಹಾಕಿ ಹೊರಡುವಾಗ ಸುಮಿತ್ರ ಗೇಟಿನ ತನಕ ಬಂದಳು.

"ಆ ಹುಡುಗಿಗೆ ಎಷ್ಟು ತಿಂಗಳು ಈಗ?" ಎಂದು ಕೇಳಿದಳು.

"ಯಾವ ಹುಡುಗಿಗೆ?"

"ಕಂಪ್ಲೇಂಟ್ ಕೊಟ್ಟೋಳಿಗೆ."

"ಮೂರು."

"ಮುಟ್ಟು ನಿಂತು ಎರಡು ವರ್ಷ ಆಗಿತ್ತಂತೆ ಅವಳಿಗೆ. ಡಾಕ್ಟರ್ ಹೇಳಿದ್ರು," ಎಂದು ಸುಮಿತ್ರ ಗೇಟಿನ ಚಿಲಕ ಹಾಕಿದಳು.

ಜೀಪಿನಲ್ಲಿ ಕೂತ ಮೇಲೆ ಸುಬ್ಬಲಕ್ಷ್ಮಿಗೆ, ಈಕೆ ಕೊಚ್ಚಿಯಲ್ಲಿದ್ದಿದ್ದರೆ ಭಾನುವಾರಗಳಂದು ಹೋಗಿ ಕೂತು ಬರಬಹುದಾಗಿತ್ತು ಎನ್ನಿಸಿತು. ಸುಬ್ಬಲಕ್ಷ್ಮಿಯ ಗಂಡ ಪಾಲಕ್ಕಾಡಿನಲ್ಲಿ ರೈಲ್ವೆ ನೌಕರ. ಮಗಳು ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರಿಸುವವಳು.

*

ವಿಳಿಂಜಂ ಬಂದರಿನ ಮೇಲಿನ ಓಣಿಯಲ್ಲಿ ಸುಮಯ್ಯಾಳ ಉಮ್ಮ ಸಿಗಡಿ ಸುಲಿಯುತ್ತ ಕೂತಿದ್ದಳು. ಪೊಲೀಸರನ್ನು ಕಂಡು ಅಳಿಯನಿಗೆ ಸಮುದ್ರದಲ್ಲಿ ಏನಾಯಿತೆಂದು ಮೊದಲು ಕೇಳಿದಳು. ಏನೂ ಆಗಿಲ್ಲವೆಂದ ಮೇಲೆ ಕೈ ತೊಳೆದುಕೊಂಡಳು.

"ಮಗಳು ಇಲ್ಲಿಲ್ಲ. ಹೆರಿಗೆಗೆ ಬಂದಿದ್ದಳು. ತೊಂಬತ್ತು ದಿನ ಆಯಿತು, ಗಂಡನ ಮನೆಗೆ ಕಳಿಸಿದೆವು, ಫೋರ್ಟ್ ಕೊಚ್ಚಿಗೆ. ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಜನ ಬಾಯಿಗೆ ಬಂದದ್ದು ಹೇಳುತ್ತಾರೆ."

"ಯಾವಾಗ ಕಳಿಸಿದ್ದು?"

"ಜೂನಿನಲ್ಲಿ. ಮಳೆ ಹಿಡಿದಿತ್ತು."

"ಸೆಪ್ಟೆಂಬರಿನಲ್ಲಿ ಬಂದಿದ್ದಳೇ?"

"ಇಲ್ಲವಲ್ಲ."

"ರಕ್ತ ತೆಗೆಯಲು ಯಾರಾದರೂ ಬಂದಿದ್ದರೇ?"

ಉಮ್ಮ ಯೋಚಿಸಿದಳು. "ಒಬ್ಬ ಚೇಚಿ ಬಂದಿದ್ದಳು, ಐಸಿನ ಡಬ್ಬಿ ಹಿಡಿದುಕೊಂಡು. ಮಗಳು ಹೋಗಿಯಾಯಿತು ಅಂದೆ. ಅಲ್ಲಿಯ ವಿಳಾಸ ಕೇಳಿದಳು. ಮನೆಯ ಹೆಸರು ನನಗೆಲ್ಲಿ ಗೊತ್ತು, ಮಸೀದಿಯ ಹಿಂದೆ ಅಂದೆ. ಯಾವ ಮಸೀದಿ ಅಂದಳು. ನೀರು ಕೊಟ್ಟೆ. ಇಗೋ, ಈ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು ಪಾಪ."

ಮರುದಿನ ಫೋರ್ಟ್ ಕೊಚ್ಚಿಯಲ್ಲಿ ಸುಮಯ್ಯಾಳನ್ನು ಹುಡುಕಲು ಸುಬ್ಬಲಕ್ಷ್ಮಿಗೆ ನಾಲ್ಕು ತಾಸು, ಮೂರು ಮಸೀದಿ ಬೇಕಾದವು. ಕಳೆದ ಮೇ ತಿಂಗಳಲ್ಲಿ ಕಣ್ಣು ಹಳದಿಯಾಗಿತ್ತು, ನಾಟಿ ವೈದ್ಯರ ಔಷಧದಲ್ಲಿ ವಾಸಿಯಾಯಿತು ಎಂದಳು ಸುಮಯ್ಯಾ. ಆಸ್ಪತ್ರೆ ಬಿಟ್ಟ ಮೇಲೆ ಯಾರೂ ಅವಳ ರಕ್ತ ತೆಗೆದಿರಲಿಲ್ಲ. ಅಂದೇ ಸರಕಾರಿ ಆಸ್ಪತ್ರೆಯಲ್ಲಿ ತೆಗೆಸಿದರು. ಸಂಜೆ ನಾಲ್ಕಕ್ಕೆ ಫಲಿತಾಂಶ ಬಂತು: ಹೆಪಟೈಟಿಸ್ ಬಿ ಇದೆ. ಮಗುವಿಗೆ ಇರಲಿಲ್ಲ.

*

ಶನಿವಾರ ಮಧ್ಯಾಹ್ನ ರಿಜಿಸ್ಟರಿನ ನಕಲುಗಳನ್ನು ಕಡತಕ್ಕೆ ಹೊಲಿಯುವ ಮುನ್ನ ಸುಬ್ಬಲಕ್ಷ್ಮಿ ಒಂದೊಂದೇ ಹಾಳೆ ಓದಿದಳು. ಪ್ರತಿ ದಾನಿಗೆ ಒಂದು ಹಾಳೆ. ಹೆಸರು, ವಯಸ್ಸು, ವಿಳಾಸಕ್ಕೆ ಒಂದು ಸಾಲು. ಕೆಳಗೆ ಮೊದಲ ರಕ್ತ, ಎರಡನೇ ರಕ್ತ. ಪ್ರತಿಯೊಂದರಲ್ಲೂ ರಕ್ತದ ಗುಂಪು ಬರೆಯುವ ಜಾಗ.

31ರಲ್ಲಿ ಮೊದಲ ರಕ್ತ ಬಿ ಪಾಸಿಟಿವ್, ಎರಡನೆಯದು ಎ ನೆಗೆಟಿವ್. ಬರೆಯುವಾಗ ತಪ್ಪಿರಬೇಕೆಂದು ಮುಂದಿನ ಹಾಳೆ ತಿರುವಿದಳು. 32 ಸರಿಯಾಗಿತ್ತು. 34ರಲ್ಲಿ ಓ ಪಾಸಿಟಿವ್ ಇದ್ದವಳು ಆರು ತಿಂಗಳಲ್ಲಿ ಎ ನೆಗೆಟಿವ್ ಆಗಿದ್ದಳು. 37 ಹಾಗೇ, 38 ಹಾಗೇ. ಸುಬ್ಬಲಕ್ಷ್ಮಿ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದಳು. ಹನ್ನೊಂದು ತಾಯಂದಿರು. ಹನ್ನೊಂದೂ ಎ ನೆಗೆಟಿವ್. ಎಲ್ಲೋ ನೂರಕ್ಕೆ ಒಬ್ಬರಲ್ಲಿ ಸಿಗುವ ಗುಂಪು ಅದು ಎಂದು ರಕ್ತದಾನದ ಡ್ಯೂಟಿಗೆ ಹೋಗಿ ಅವಳಿಗೆ ಗೊತ್ತಿತ್ತು.

ಬರೆದ ಕೈ ಬೇಕಿದ್ದರೆ ಮೊದಲ ರಕ್ತದ ಗುಂಪನ್ನೇ ಕೆಳಗೂ ನಕಲು ಮಾಡಬಹುದಿತ್ತು. ಯಾರೂ ಎಂದೂ ನೋಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಿತ್ತು.

ಆ ಹಾಳೆಗಳನ್ನು ಇನ್ಸ್‌ಪೆಕ್ಟರರ ಮುಂದಿಡುವ ಮೊದಲು ಅವಳು ಒಂದು ಲೋಟ ನೀರು ಕುಡಿದಳು. ಗೇಟಿನ ಚಿಲಕ ಹಾಕಿದ ಕೈ ಕಣ್ಣ ಮುಂದೆ ಬರುತ್ತಿತ್ತು.

ವಿನ್ಸೆಂಟ್ ಎರಡು ಸಲ ನೋಡಿದರು. "ಚೇಚಿ, ಕಡತ ಹೊಲಿಯುವವರಿಗೆ ಇಷ್ಟು ಕಣ್ಣು ಇರಬಾರದು," ಎಂದರು. ಅವರ ಮಟ್ಟಿಗೆ ಅದು ಹೊಗಳಿಕೆ.

*

ಫೆಬ್ರವರಿ 18, ಸೋಮವಾರ, ಮಧ್ಯಾಹ್ನ 2.20. ಟಿಶ್ಯೂ ಬ್ಯಾಂಕಿನ ಐವರು ನೌಕರರೂ ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟರು. ಮೂರರಲ್ಲಿ ರಕ್ತದ ಗುಂಪು ಓ ಪಾಸಿಟಿವ್, ಒಂದರಲ್ಲಿ ಬಿ. ಸುಮಿತ್ರ ತನ್ನದನ್ನು ಮಾತ್ರ ಗುಂಪು ಮೇಲೆ ಕಾಣುವ ಹಾಗೆ ತಿರುಗಿಸಿ ಇಟ್ಟಳು.

ಉಳಿದವರನ್ನು ಹೊರಗೆ ಕಳಿಸಿ ವಿನ್ಸೆಂಟ್ ಪ್ರಶ್ನೆ ಶುರು ಮಾಡಿದರು. ಅವಳು ಕನ್ನಡದಲ್ಲಿ ಉತ್ತರಿಸಿದಳು. ಮೊನ್ನೆ ಚೆನ್ನಾಗಿ ಮಲಯಾಳ ಬರುತ್ತಿತ್ತಲ್ಲ ಎಂದು ಅವರು ಕುಟುಕಿದರು. ಬರತ್ತೆ, ಇವತ್ತು ಬಾಯಿಗೆ ಬರ್ತಿಲ್ಲ ಎಂದಳು. ಸುಬ್ಬಲಕ್ಷ್ಮಿ ನಡುವೆ ನಿಂತು ಅತ್ತಿಂದಿತ್ತ ಹೇಳಬೇಕಾಯಿತು.

"ಎಷ್ಟು ಜನರ ಹೆಸರಿನಲ್ಲಿ ನಿಮ್ಮ ರಕ್ತ ಇಟ್ಟಿರಿ?"

"ಹನ್ನೊಂದು."

"ಯಾರು ಹೇಳಿದ್ದು?"

"ಯಾರೂ ಇಲ್ಲ."

"ಡಾಕ್ಟರಿಗೆ ಗೊತ್ತಿತ್ತೇ?"

"ಇಲ್ಲ."

"ಏನು ಸಿಕ್ಕಿತು ನಿಮಗೆ?"

ಸುಮಿತ್ರ ಇನ್ಸ್‌ಪೆಕ್ಟರರನ್ನು ಬಿಟ್ಟು ಸುಬ್ಬಲಕ್ಷ್ಮಿಯ ಕಡೆ ತಿರುಗಿದಳು. ಮುಂದಿನದನ್ನೆಲ್ಲ ಅವಳಿಗೇ ಹೇಳಿದಳು.

ಆರು ತಿಂಗಳ ನಿಯಮ ಹೊರದೇಶದ ಪುಸ್ತಕದಿಂದ ಬಂದದ್ದು. ಅಲ್ಲಿಯ ಹೆಂಗಸು ಹೆತ್ತ ಮೇಲೂ ಅದೇ ಮನೆಯಲ್ಲಿರುತ್ತಾಳೆ. ಇಲ್ಲಿ ಚೊಚ್ಚಲು ಹೆರಿಗೆಗೆ ತವರಿಗೆ ಬರುತ್ತಾರೆ, ತವರಿನ ವಿಳಾಸ ಕೊಡುತ್ತಾರೆ. ತೊಂಬತ್ತಕ್ಕೆ ಗಂಡನ ಮನೆಗೆ. ಆರನೆಯ ತಿಂಗಳಿಗೆ ಡಬ್ಬಿ ಹಿಡಿದು ಹೋದರೆ ಅವರಮ್ಮ ಇರುತ್ತಾಳೆ, ನೀರು ಕೊಡುತ್ತಾಳೆ. ಮಗಳು ಕೊಲ್ಲಂ ಅಂತಲೋ ನಾಗರಕೋವಿಲ್ ಅಂತಲೋ ದುಬೈ ಅಂತಲೋ ಹೇಳುತ್ತಾಳೆ. ಫಾರಂನಲ್ಲಿ ಇನ್ನೊಂದು ಸಾಲು ಸೇರಿಸಿ, ಗಂಡನ ಮನೆಯ ವಿಳಾಸವನ್ನೂ ಬರೆಸಿಕೊಳ್ಳೋಣ ಎಂದು ಎರಡು ಸಲ ಮೇಲಿನವರಿಗೆ ಬರೆದಿದ್ದಳು. ಹಳೆಯ ಫಾರಂ ಮುಗಿಯಲಿ ಎಂದಿದ್ದರು.

"ನಲವತ್ತು ತಾಯಂದಿರಲ್ಲಿ ಇಪ್ಪತ್ತೆಂಟು ಜನ ಸಿಗ್ತಾನೇ ಇರ್ಲಿಲ್ಲ. ಶನಿವಾರ ಕೆಂಪು ಚೀಟಿಯವನ್ನೆಲ್ಲ ಸುಡಕ್ಕೆ ಕಳಿಸ್ಬೇಕು. ನಾನೇ ಕೈಯಾರೆ ಎತ್ತಿ ಕೊಡ್ಬೇಕು. ಗುರುವಾರ ಡಾಕ್ಟರ್ ಫೋನ್ ಮಾಡ್ತಾರೆ, ಸುಮಿತ್ರಾ ಇದೆಯಾ, ಒಬ್ಬಳು ಬಂದಿದಾಳೆ, ಮೂರನೇ ಸಲ ಬಿಡಿಸ್ತಿದೀನಿ, ಮತ್ತೆ ಅಂಟಿಕೊಂಡ್ರೆ ಮುಗೀತು ಅಂತ. ಇಲ್ಲ ಅಂತ ಎಷ್ಟು ಸಲ ಹೇಳ್ಲಿ. ಒಂದು ದಿನ ಖಾಲಿ ಟ್ಯೂಬ್ ಕೈಯಲ್ಲಿತ್ತು. ನನ್ನ ತೋಳಿಗೇ ಚುಚ್ಚಿಕೊಂಡೆ."

"ನಿಮ್ಮ ರಕ್ತ ಶುದ್ಧ ಬಂದರೆ ಅವರದ್ದು ಹೇಗೆ ಶುದ್ಧ ಆಗ್ತದೆ?" ಇದನ್ನು ಇನ್ಸ್‌ಪೆಕ್ಟರ್ ಕೇಳಿರಲಿಲ್ಲ. ಸುಬ್ಬಲಕ್ಷ್ಮಿ ಕೇಳಿದಳು.

"ಆಗಲ್ಲ. ಗೊತ್ತು. ಮೊದಲ ಸಲ ಶುದ್ಧ ಇದ್ದೋರು ಎರಡನೇ ಸಲ ಕೆಟ್ಟು ಬಂದಿದ್ದನ್ನ ಹದಿನಾಲ್ಕು ವರ್ಷದಲ್ಲಿ ಒಂದು ಸಲಾನೂ ನೋಡಿರ್ಲಿಲ್ಲ ನಾನು. ಒಂದು ಸಲಾನೂ."

ಸುಬ್ಬಲಕ್ಷ್ಮಿ ಅದನ್ನು ಮಲಯಾಳಕ್ಕೆ ತಿರುಗಿಸುವಾಗ ವಾಕ್ಯ ಎರಡು ಸಲ ತುಂಡಾಯಿತು. ವಿನ್ಸೆಂಟ್ ಬರೆಯುವುದನ್ನು ನಿಲ್ಲಿಸಿ ಕಾದರು.

ಉಳಿಸಿಟ್ಟಿದ್ದ ಹನ್ನೊಂದು ರಕ್ತದ ಟ್ಯೂಬುಗಳನ್ನು ಸುಮಿತ್ರಳೇ ತೋರಿಸಿದಳು. ಇಬ್ಬರು ಪಂಚರ ಮುಂದೆ ಅವುಗಳನ್ನು ಮೊಹರು ಮಾಡಿ ಡಿ.ಎನ್.ಎ. ಪರೀಕ್ಷೆಗೆ ಪ್ರತ್ಯೇಕಿಸಿದರು. ಎಫ್.ಐ.ಆರ್.ಗೆ ಖೋಟಾ ದಾಖಲೆಯ 468, 471 ಕಲಮುಗಳು ಸೇರಿದವು. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಅದಕ್ಕಾಗಿ ವಿನ್ಸೆಂಟ್ ಗಡಿಯಾರ ನೋಡಿ ಬೇಗ ಬೇಗ ಬರೆದರು. ಬಂಧನದ ಸಮಯ ಸಂಜೆ 5.10. ಮಾಹಿತಿ ಗಂಡನಿಗೆ, ದೂರವಾಣಿ ಮೂಲಕ.

ಬಂಧನದ ಕಾಗದಕ್ಕೆ ಸಹಿ ಹಾಕಿ ಸುಮಿತ್ರ ಹೇಳಿದಳು: "ಫ್ರೀಜರಿನಲ್ಲಿ ಕೆಂಪು ಚೀಟಿಯವು ಇನ್ನೂ ಇಪ್ಪತ್ತಾರು ಇವೆ. ಸುಡಿಸಿಬಿಡಿ. ಕರೆಂಟು ಹೋದ್ರೆ ವಾಸನೆ ಬರತ್ತೆ."

ಜೀಪಿನ ಹಿಂದಿನ ಸೀಟಿನಲ್ಲಿ ಸುಬ್ಬಲಕ್ಷ್ಮಿ ಅವಳ ಪಕ್ಕ ಕೂತಳು. ಜೀಪು ಮಹಿಳಾ ಠಾಣೆಯ ಕಡೆ ಹೊರಟಿತು.

*

ಸುಮಿತ್ರಳ ಗಂಡ ಮರುದಿನ ಕೊಚ್ಚಿಯ ಕೋರ್ಟಿಗೆ ಬಂದಿದ್ದ, ಅವಳ ಎರಡು ಸೀರೆ ಮತ್ತು ಕನ್ನಡಕದ ಡಬ್ಬಿ ಹಿಡಿದು. ಅವನ ಹೇಳಿಕೆಯಿಂದ ತಿಳಿದದ್ದು ಇಷ್ಟು. ಮದುವೆಯಾದ ಎರಡನೆಯ ವರ್ಷ ಅವಳಿಗೆ ಗಂಡುಮಗು ಹುಟ್ಟಿ ಅಂದೇ ತೀರಿಕೊಂಡಿತು. ಮಾಸು ಪೂರ್ತಿ ಬಿದ್ದಿಲ್ಲವೆಂದು ಒಳಗೆ ಕೆರೆದರು. ಆಮೇಲೆ ಅವಳಿಗೆ ಮುಟ್ಟೇ ಬರಲಿಲ್ಲ. ಆಗ ಅವಳಿಗೆ ಇಪ್ಪತ್ತಾರು. ಎಲ್ಲೆಲ್ಲಿಯೋ ತೋರಿಸಿದರು. ಒಂದು ಕಡೆ ಒಳಗಿನ ಅಂಟು ಬಿಡಿಸಿದರು, ಎರಡು ತಿಂಗಳಲ್ಲಿ ಮತ್ತೆ ಕೂಡಿಕೊಂಡಿತು. ನಡುವೆ ಇಡಲು ಏನಾದರೂ ಇದ್ದಿದ್ದರೆ ಎಂದು ಆ ಡಾಕ್ಟರರು ಹೇಳಿದ್ದರಂತೆ. ಟಿಶ್ಯೂ ಬ್ಯಾಂಕಿಗೆ ಕೆಲಸಕ್ಕೆ ಸೇರಿದ ಮೇಲೆ ಅವಳು ಆ ಮಾತನ್ನು ಮನೆಯಲ್ಲಿ ಎಂದೂ ಎತ್ತಿರಲಿಲ್ಲ. ಗುರುವಾರಗಳಂದು ಮಾತ್ರ ಊಟ ಬಿಡುತ್ತಿದ್ದಳು. ವ್ರತವಿರಬಹುದೆಂದು ಗಂಡ ಅಂದುಕೊಂಡಿದ್ದ.

ಹೇಳಿಕೆಯ ಕೊನೆಯಲ್ಲಿ ಅವನ ಸಹಿಯ ಕೆಳಗೆ ಸುಬ್ಬಲಕ್ಷ್ಮಿ ತಾರೀಕು ಬರೆದಳು. ಆ ಹದಿನೇಳು ಜನರಲ್ಲಿ ಐವರು ಗರ್ಭಿಣಿಯರಾಗಿದ್ದಾರೆ ಎಂಬುದು ಕೇಸ್ ಶೀಟುಗಳಲ್ಲಿತ್ತು. ಅದನ್ನು ಎಲ್ಲಿ ಬರೆಯಬೇಕೆಂದು ಕೇಳಿದ್ದಕ್ಕೆ, ಬೇಡ, ಜೆಲ್ಲಿನಿಂದ ಒಳ್ಳೆಯದೂ ಆಯಿತೆಂದು ಕೇಸು ಸಡಿಲವಾಗುತ್ತದೆ ಎಂದರು ವಿನ್ಸೆಂಟ್.

ಫೆಬ್ರವರಿ 25, ಸೋಮವಾರ. ಅಪೂರ್ವಾಳನ್ನು ಬಿಟ್ಟು ಉಳಿದ ಹದಿನಾರು ಹೆಂಗಸರಿಗೆ, ರಕ್ತ ಪರೀಕ್ಷೆ ಮಾಡಿಸಿಕೊಂಡು ಹೇಳಿಕೆ ಕೊಡಲು ಬರಬೇಕೆಂದು ನೋಟಿಸು ತಯಾರಾಯಿತು. ಬೆಳಿಗ್ಗೆಯಿಂದ ಸುಬ್ಬಲಕ್ಷ್ಮಿಯೇ ಹದಿನಾರು ಲಕೋಟೆಗಳ ಮೇಲೆ ಹೆಸರು ಬರೆದಳು. ಅವು ಆಯಾ ಊರಿನ ಠಾಣೆಗೆ ಹೋಗುತ್ತವೆ. ಅಲ್ಲಿಂದ ಕಾನ್‌ಸ್ಟೆಬಲ್ ಮನೆಗೆ ಒಯ್ಯುತ್ತಾನೆ. ಆಕೆ ಸಿಗದಿದ್ದರೆ ಮನೆಯ ವಯಸ್ಕ ಗಂಡಸೊಬ್ಬನ ಕೈಗೆ ಕೊಟ್ಟು ಸಹಿ ಪಡೆದರೆ ಸಾಕು. ಪದ್ಧತಿ ಹಾಗೇ ಇತ್ತು. ಅವಳೇ ನೂರಾರು ಸಲ ಹಾಗೆ ಜಾರಿ ಮಾಡಿ ಬಂದಿದ್ದಳು, ಮಾವನ ಕೈಗೆ, ಮೈದುನನ ಕೈಗೆ. ಕೊಟ್ಟ ಮೇಲೆ ಬಾಗಿಲ ಹಿಂದೆ ಏನಾಯಿತೆಂದು ತಿರುಗಿ ನೋಡಿದವಳಲ್ಲ.

1991ರಲ್ಲಿ ಚುನಾವಣೆಯ ಬಂದೋಬಸ್ತಿನಲ್ಲಿ ಅವಳಿಗೂ ಒಂದು ಗರ್ಭ ಹೋಗಿತ್ತು. ಯಾರಿಗೂ ಹೇಳದೆ ಕಣ್ಣೂರಿನ ಆಸ್ಪತ್ರೆಯಲ್ಲಿ ಎರಡು ದಿನ ಮಲಗಿ ಎದ್ದಿದ್ದಳು. ಮತ್ತೆ ತೋರಿಸಲು ಬನ್ನಿ ಎಂದು ಆಸ್ಪತ್ರೆಯವರು ಕಳಿಸಿದ ಕಾರ್ಡನ್ನು ಕುಂಬಳೆಯ ಜಗಲಿಯಲ್ಲಿ ಮಾವ ಗಟ್ಟಿಯಾಗಿ ಓದಿದ್ದರು, ಕನ್ನಡಕ ಸರಿಮಾಡಿಕೊಳ್ಳುತ್ತ, ಅಂಗಡಿಯ ಚೀಟಿ ಓದಿದ ಹಾಗೆ.

"ಲಕೋಟೆ ಆಯಿತಾ, ಚೇಚಿ?" ಅಶ್ರಫ್ ಟಪಾಲಿನ ಚೀಲ ಹಿಡಿದು ಬಂದಿದ್ದ.

"ವಿಳಾಸ ಸರಿ ನೋಡಲಿಕ್ಕುಂಟು. ಇದು ನಾನೇ ಹಾಕ್ತೇನೆ," ಎಂದಳು.

"ಸರಿ. ಸಾರ್ ಕೇಳಿದರೆ ಹೋಯಿತು ಅನ್ನುತ್ತೇನೆ."

"ಹಾಗೆ ಹೇಳಬೇಡ. ಸುಬ್ಬಲಕ್ಷ್ಮಿಯ ಹತ್ತಿರ ಉಂಟು ಅಂತ ಹೇಳು."

ಅವನು ಹೋದ ಮೇಲೆ ಅವಳು ರವಾನೆ ಪುಸ್ತಕ ತೆರೆದಳು. ಹದಿನಾರು ಸಾಲು ಬರೆದು, ಹೆಸರುಗಳನ್ನು ತುಂಬಿ, ತಾರೀಕಿನ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿದಳು. ಇವತ್ತಿನ ತಾರೀಕು ಬರೆದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಅಂಚೆ ತಡವಾಯಿತೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಐಸಿನ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತವಳಿಗೂ ಖಾಲಿ ಜಾಗ ಹೀಗೇ ಕಂಡಿರಬೇಕು. ತಾರೀಕಿನ ಜಾಗವನ್ನು ಹಾಗೇ ಬಿಟ್ಟು ಪುಸ್ತಕ ಮುಚ್ಚಿದಳು. ಯಾರಾದರೂ ತೆರೆದರೆ ಕಾಣುತ್ತದೆ. ಆಗ ಕೇಳಿದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ, ಸಂಬಳ ಕಡಿತವೋ, ಮೆಮೋವೋ.

ರಜೆಯ ಅರ್ಜಿಯಲ್ಲಿ ಹನ್ನೆರಡು ದಿನ ಎಂದು ಬರೆದಳು. ಕಾರಣ: ಸ್ವಂತ ಕೆಲಸ.

ಕೇಸ್ ಶೀಟುಗಳಿಂದ ಇಳಿಸಿಕೊಂಡ ಪಟ್ಟಿಯಲ್ಲಿ, ಗರ್ಭಿಣಿಯರೆಂದು ಗೊತ್ತಿದ್ದ ನಾಲ್ವರ ಹೆಸರುಗಳನ್ನು ಮೊದಲು ಬರೆದಳು. ಅವರಲ್ಲಿ 31ರ ಚೀಟಿಯವಳು ಒಬ್ಬಳಿದ್ದಳು, ಆಲುವಾದ ಶಾಲಾ ಶಿಕ್ಷಕಿ. ಶಾಲೆ ಬಿಡುವುದು ಮೂರೂ ಮುಕ್ಕಾಲಕ್ಕೆ. ಗೇಟಿನ ಹತ್ತಿರ ಸೀರೆ ಉಟ್ಟು ನಿಂತರೆ ಯಾರೋ ಹುಡುಗಿಯ ತಾಯಿ ಎಂದುಕೊಳ್ಳುತ್ತಾರೆ. ಮನೆಯಲ್ಲಿ ಸಿಗದವಳನ್ನು ಬಸ್ ನಿಲ್ದಾಣದಲ್ಲಿ ಕಾಯಬೇಕು. ಅಲ್ಲೂ ಸಿಗದಿದ್ದರೆ ಎಲ್ಲಿಗೆ ಹೋಗಿದ್ದಾಳೋ ಅಲ್ಲಿಗೆ.

ಲಕೋಟೆಗಳನ್ನು ಊಟದ ಚೀಲದೊಳಗೆ ಇಳಿಸಿ ಜಿಪ್ ಎಳೆದಳು. ವಿನ್ಸೆಂಟ್ ಅರ್ಜಿಗೆ ಸಹಿ ಹಾಕುತ್ತ, ಊರಿಗಾ ಎಂದು ಕೇಳಿದರು.

"ಇಲ್ಲ ಸಾರ್, ಇಲ್ಲೇ," ಎಂದಳು ಸುಬ್ಬಲಕ್ಷ್ಮಿ. ಗಂಟೆ ಎರಡೂ ಹತ್ತು. ಆಲುವಾದ ಬಸ್ಸಿಗೆ ಇನ್ನೂ ಸಮಯವಿತ್ತು.